ಮುರಿದ ಮೂಳೆ: ಎಡ ಮುಂಗೈ

ಫೆಬ್ರುವರಿ ೪

ಅಕ್ಕಾ,

ನೀನು ಕಳ್ಸಿದ್ದು ಬಂತು. ಹೇಗಿದ್ದೀಯ ಅಂತ ನಾನೂ ಕೇಳಲ್ಲ, ನೀನೂ ಕೇಳ್ಬೇಡ. ಜೈಲಲ್ಲಿ ಹೇಗಿರ್ತಾರೋ ಹಾಗಿದ್ದೀನಿ.

ನೀನೂ ಬಿಡುವಿದ್ದಾಗ ತಿದ್ದೋ ಆ ಇಂಟರ್ನೆಟ್ ವಿಶ್ವಕೋಶದಲ್ಲಿರೋ ನನ್ನ ಪುಟ ಪ್ರಿಂಟ್ ತೆಗ್ದು ಕಳ್ಸಿದ್ದೀಯ, ಖುಷಿಯಾಗ್ಲಿ ಅಂತ. ಎಂಟನೇ ಕ್ಲಾಸಿಗೆ ಸ್ಕೂಲಿಗೆ ಕೈ ಮುಗ್ದೋನ ಬಗ್ಗೆ ಯಾರೋ ಕೂತು ಬರ್ದಿದ್ದಾರೆ, ಭೇಷ್. ಆದ್ರೆ ಬಲಗಡೆ ಒಂದು ಡಬ್ಬಿ ಇದೆ. ಸೈಕಲ್ ರೇಸಿನೋರ ಎಲ್ಲರ ಪುಟದಲ್ಲೂ ಅದೇ ಡಬ್ಬಿ ಇರುತ್ತೆ ಅಂದಿದ್ದೀಯ. ಎತ್ತರ, ತೂಕ, ತಂಡ, ಗೆದ್ದಿದ್ದು, ತರಬೇತುದಾರ. ಅದರ ಕೊನೇ ಸಾಲು ಓದಿದ್ಯಾ ನೀನು? "ಓಟ ಬಿಟ್ಟ ಕಾರಣ: ತರಬೇತಿ ವೇಳೆ ಬಿದ್ದು ಗಾಯ."

ಬಿದ್ದು!

ಕಾಗದ ಮುದ್ದೆ ಮಾಡಿ ಗೋಡೆಗೆ ಎಸ್ದೆ. ಎತ್ಕೊಂಡು ಬಿಡಿಸಿ ಮತ್ತೆ ಓದ್ದೆ. ಮತ್ತೆ ಎಸ್ದೆ.

ನಾನು ಬಿದ್ದಿಲ್ಲ. ನಿನಗೆ ಪೂರ್ತಿ ಹೇಳಿಲ್ಲ, ಈಗ ಹೇಳ್ತೀನಿ ಕೇಳು. ಅಪ್ಪನ ಬಾಯಲ್ಲಿ ನನ್ನ ತರಬೇತುದಾರ "ಸರ್". ಅವನ ತರಬೇತಿ ಕ್ಯಾಂಪಿನ ಹುಡುಗರ ಬಾಯಲ್ಲಿ "ಪಂಪು". ಟೈರಿಗೆ ಗಾಳಿ ಹಾಕೋ ಉದ್ದನೆ ಕಬ್ಬಿಣದ ಪಂಪು ಇದೆಯಲ್ಲ, ಅದು ಸದಾ ಅವನ ಕೈಲಿರ್ತಿತ್ತು. ಗಾಳಿ ಹಾಕಿದ್ದನ್ನ ಮಾತ್ರ ಯಾರೂ ನೋಡಿಲ್ಲ. ಅವತ್ತು ನಾನು ಕೊನೇ ಸುತ್ತಲ್ಲಿ ಹಿಂದೆ ಉಳ್ದೆ. "ಇಳಿಯೋ" ಅಂದ. ಇಳ್ದೆ. ಸೈಕಲ್ಲನ್ನ ಗೋಡೆಗೆ ಒರಗಿಸ್ದೆ. ಎರಡೂ ಕಾಲು ನೆಲಕ್ಕೆ ಊರಿ ನಿಂತಿದ್ದೆ. ಅವನು ತಲೆಗೆ ಬೀಸ್ದ, ನಾನು ಕೈ ಅಡ್ಡ ಕೊಟ್ಟೆ. ಬಿಗಿಯಾಗಿರೋ ಸ್ಪೋಕು ಕಡ್ದು ಹೋದಾಗ ಒಂದು ಸದ್ದು ಬರುತ್ತೆ, ಅದೇ ಸದ್ದು ನನ್ನ ಕೈಯೊಳಗಿಂದ ಬಂತು. ಹೇಳು ನೋಡಣ, ನೆಲದ ಮೇಲೆ ನಿಂತಿರೋನು ಎಲ್ಲಿಂದ ಬೀಳ್ತಾನೆ?

ಕೈ ಸೊಟ್ಟಗೆ ಕೂಡ್ಕೊಳ್ತು. ಬ್ರೇಕ್ ಅದುಮೋಕೆ ಆಗ್ಲಿಲ್ಲ. ಅಲ್ಲಿಗೆ ರೇಸು ಮುಗೀತು. ಪೆಡಲ್ ಬಿಚ್ಚೋ ಸ್ಪ್ಯಾನರ್ ತಗೊಂಡು ಹೋಗಿ ಅವನ ಮಂಡಿಚಿಪ್ಪು ಪುಡಿ ಮಾಡ್ದೆ. ಕುಯ್ಯೋ ಅಂತ ಕೂಗ್ದ. ಆ ಕೂಗು ನೆನೆಸ್ಕೊಂಡೇ ನಾನು ಮಲಗೋದು. ನಾನು ಮಾಡಿದ್ದು ಕೇಸಾಯ್ತು, ಅವನು ಮಾಡಿದ್ದು "ಬಿದ್ದು" ಆಯ್ತು.

ಅದಿರ್ಲಿ. ಕಾಗದದ ಕೊನೇಲಿ ಸಣ್ಣಗೆ ಬರ್ದಿದ್ದೀಯ, ನಾನು ನೋಡಲ್ಲ ಅನ್ಕೊಂಡ್ಯಾ? ಅಪ್ಪ ಚಿಕ್ಕವಳನ್ನ ಅವನ ಕ್ಯಾಂಪಿಗೆ ಸೇರಿಸಿದ್ದಾನೆ ಅಂತ. ನಾನು ಮಾಡಿದ್ದಕ್ಕೆ ಕ್ಷಮೆ ಕೇಳೋಕೆ ಹೋದೋನು ತಂಗೀನ ಒಪ್ಪಿಸಿ ಬಂದ್ನಾ? ಅವಳ ಕೈ ಮುರಿಯೋದ್ರೊಳಗೆ ಹೊರಗೆ ತಾ. ಆ ಸಾಲನ್ನೂ ಬದಲಾಯಿಸು. "ಪಂಪಿನಿಂದ ಹೊಡೆದು ಮುರಿದಿದ್ದು" ಅಂತ ಬರಿ. ಕರಡು ತಿದ್ದೋದೇ ತಾನೇ ನಿನ್ನ ಕೆಲ್ಸ? ತಿದ್ದು.

ನಿನ್ನ ತಮ್ಮ


ಫೆಬ್ರುವರಿ ೧೯

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಪ್ರೆಸ್ಸಿನಲ್ಲಿ ಏನು ತಿದ್ದಿದೆನೋ ನನಗೇ ಗೊತ್ತಿಲ್ಲ. ಮದುವೆ ಕರೆಯೋಲೆಯೊಂದರಲ್ಲಿ ವರನ ಹೆಸರೇ ಬಿಟ್ಟುಹೋಗಿ ಮಾಲೀಕರು ಕೂಗಾಡಿದರು.

ನೀನು ಹೇಳಿದ ಸಾಲನ್ನು ಬರೆಯಲು ಆಗುವುದಿಲ್ಲ. ಸಿಟ್ಟಾಗಬೇಡ. ಬದುಕಿರುವ ಮನುಷ್ಯನ ಮೇಲೆ ಆರೋಪ ಹಾಕಬೇಕೆಂದರೆ ವಿಶ್ವಕೋಶದಲ್ಲಿ ಅಚ್ಚಾದ ಆಧಾರ ಬೇಕು. ಅಚ್ಚಾಗಿರುವುದು ಒಂದೇ, "ತರಬೇತಿ ವೇಳೆ ಬಿದ್ದು." ಅದನ್ನು ಪತ್ರಿಕೆಗೆ ಹೇಳಿದವನೂ ಅವನೇ. ನೀನು ಹೇಳಿದಂತೆ ಬರೆದರೆ ಬೇರೆ ಸಂಪಾದಕರು ಗಂಟೆಯೊಳಗೆ ಅಳಿಸಿ ನನ್ನನ್ನೂ ಹೊರಗೆ ಹಾಕುತ್ತಾರೆ.

ಆದರೆ ಆ ಡಬ್ಬಿ ಕೆಟ್ಟದಾಗಿದೆ ಎನ್ನುವುದು ನಿಜ. ಅದಕ್ಕೆ ಟೆಂಪ್ಲೇಟು ಅನ್ನುತ್ತಾರೆ. ಒಂದೇ ಅಚ್ಚು, ಸಾವಿರ ಪುಟಕ್ಕೆ. ಅಚ್ಚಿನಲ್ಲಿ ಒಂದು ಸಾಲು ಸೇರಿಸಿದರೆ ಎಲ್ಲರ ಪುಟದಲ್ಲೂ ಆ ಸಾಲಿಗೆ ಜಾಗ ಆಗುತ್ತದೆ. ಸೈಕಲ್ಲನ್ನೇ ಹತ್ತದ ಯಾರೋ ಅದನ್ನು ಮಾಡಿದ್ದಾರೆ. ಸರಿಮಾಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ. ನೀನು ಓಡಿಸಿದವನು. ಆ ಡಬ್ಬಿಯಲ್ಲಿ ಏನಿರಬೇಕು ಹೇಳು. ಬೈಗುಳ ಬಿಟ್ಟು ಹೇಳು.

ಚಿಕ್ಕವಳನ್ನು ನೋಡಲು ಕ್ಯಾಂಪಿಗೆ ಹೋಗಿದ್ದೆ. ಅವನು ಕುಂಟುತ್ತ ಬಂದು ಕುರ್ಚಿ ಹಾಕಿದ, ಚಹಾ ತರಿಸಿದ. "ನಿಮ್ಮ ತಂಗಿ ಗಟ್ಟಿ ಇದ್ದಾಳೆ, ಅಣ್ಣನ ಥರ ಅಲ್ಲ" ಎಂದ. ಅವಳು ಅವನ ಮುಖ ನೋಡಿಕೊಂಡೇ ನನಗೆ ಉತ್ತರ ಕೊಡುತ್ತಿದ್ದಳು. ನೀರು ಕುಡಿಯಲೂ ಅವನ ಮುಖ ನೋಡಿದಳು. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಊಟದ ತಟ್ಟೆ ಗೋಡೆಗೆ ಹೋಯಿತು. "ಒಬ್ಬ ಮನೆ ಮಾನ ಕಳೆದ, ಇನ್ನೊಬ್ಬಳಾದ್ರೂ ಉಳಿಸ್ಲಿ ಬಿಡು" ಎಂದರು. ಸಹಿ ಹಾಕಿದವರು ಅವರು. ಅವರು ಹೋಗಿ ಕರೆತಂದರೆ ಮಾತ್ರ ಅವಳು ಹೊರಗೆ.

ಅಕ್ಕ


ಮಾರ್ಚ್ ೨

ಅಕ್ಕಾ,

ಆಧಾರ ಬೇಕಂತೆ, ಆಧಾರ! ಅವರಿಗೆ ಬರೋಕೆ ಹೇಳು. ಕೈ ಮುಂದೆ ಇಡ್ತೀನಿ, ಸೊಟ್ಟ ಎಲ್ಲಿದೆ ಅಂತ ಮುಟ್ಟಿ ನೋಡ್ಕೊಂಡು ಹೋಗ್ಲಿ.

ಹೋದ ವಾರ ಒಂದು ಗಲಾಟೆ ಆಯ್ತು. ನನ್ನ ಬ್ಯಾರಕ್ಕಿನಲ್ಲಿ ಒಬ್ಬ ಬೀಗ ಮುರಿಯೋನಿದ್ದಾನೆ. ಆ ಪ್ರಿಂಟು ಎಳ್ಕೊಂಡು ಗಟ್ಟಿಯಾಗಿ ಓದ್ದ. "ಏನಪ್ಪಾ ಚಾಂಪಿಯನ್ನು, ಸೈಕಲ್ಲಿಂದ ಬಿದ್ಯಾ? ಹಿಂದೆ ಎರಡು ಪುಟ್ಟ ಚಕ್ರ ಹಾಕ್ಸ್ಕೋಬೇಕಿತ್ತು" ಅಂದ. ಎಲ್ಲರೂ ನಕ್ರು. ಅವನ ತಲೆಕೂದಲು ಹಿಡ್ದು ನಲ್ಲಿ ಕಟ್ಟೆಗೆ ಒಂದು ಕೊಟ್ಟೆ. ಮುಂದಿನ ಹಲ್ಲು ನೀರಿನ ಜೊತೆ ಹೋಯ್ತು. ಅವನೂ ಬಿಡ್ಲಿಲ್ಲ, ನನ್ನ ಕಿವಿ ಕಚ್ಚಿ ಹರ್ದ. ವಾರ್ಡರು ಬಂದು ಇಬ್ಬರಿಗೂ ಸಮವಾಗಿ ಬಾರಿಸ್ದ. ಈಗ ಇಬ್ಬರೂ ಅಕ್ಕಪಕ್ಕ ಕೂತು ಗಂಜಿ ಕುಡೀತೀವಿ. ಅವನಿಗೆ ಅಗಿಯೋಕಾಗಲ್ಲ, ನನಗೆ ಬಾಯಿ ತೆಗೆಯೋಕಾಗಲ್ಲ.

ಡಬ್ಬಿಯಲ್ಲಿ ಏನಿರಬೇಕು ಅಂತ ಕೇಳಿದ್ದೀಯ. ಎತ್ತರ ತೂಕ ಎಲ್ಲ ತೆಗ್ದು ಬಿಸಾಕು, ದನದ ಸಂತೇಲಿ ಕೇಳ್ತಾರೆ ಅದನ್ನ. ರೇಸಿನೋರು ಇಬ್ರು ಮೊದಲ ಸಲ ಸಿಕ್ರೆ ಏನು ಕೇಳ್ತೀವಿ ಗೊತ್ತಾ? "ಏನೇನು ಮುರ್ಕೊಂಡಿದ್ದೀಯ?" ಅಷ್ಟೇ. ಅದರಲ್ಲೇ ಎಲ್ಲಾ ಗೊತ್ತಾಗುತ್ತೆ. ಓಡೋ ಸೈಕಲ್ಲಿಂದ ಬಿದ್ದೋನು ಭುಜದ ಮೇಲೆ ಬೀಳ್ತಾನೆ. ಕತ್ತಿನ ಪಕ್ಕದ ಮೂಳೆ ಹೋಗುತ್ತೆ, ಅದೇ ಕಾಲರ್ ಮೂಳೆ. ಹತ್ತರಲ್ಲಿ ಏಳು ಜನಕ್ಕೆ ಅದೇ. ಇಲ್ಲಾಂದ್ರೆ ಅಂಗೈ ಊರಿ ಮಣಿಕಟ್ಟು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಅದೂ ಎಡಗೈಯಲ್ಲಿ, ಸುಮ್ ಸುಮ್ನೆ ಯಾವನಿಗೂ ಮುರಿಯಲ್ಲ. ಬಲಗೈಯೋನು ಎದುರಿಗೆ ನಿಂತು ತಲೆಗೆ ಬೀಸಿದ್ರೆ ಮುರಿಯುತ್ತೆ. ನಮ್ಮ ಕ್ಯಾಂಪಲ್ಲಿ ಎಷ್ಟು ಜನರ ಎಡಗೈ ಹಾಗಿದೆ ಅಂತ ಎಲ್ಲರಿಗೂ ಗೊತ್ತು. ಬಾಯಿ ಬಿಡಲ್ಲ. ಅವನಿಗೆ ಎದುರು ನಿಂತೋನನ್ನ ಎಲ್ಲಿ ಹಾಕ್ತಾರೆ ಅಂತ ನನ್ನ ನೋಡಿ ಕಲ್ತಿದ್ದಾರೆ.

"ಓಟ ಬಿಟ್ಟ ಕಾರಣ" ಕಿತ್ತಾಕು. "ಮುರಿದ ಮೂಳೆ" ಅಂತ ಹಾಕು. ಯಾರು ಮುರುದ್ರು ಅಂತ ನೀನು ಬರೀಬೇಡ. ಮೂಳೆ ಹೆಸರು ಬರಿ ಸಾಕು. ಅದಕ್ಕೂ ನಿನ್ನ ಸಂಪಾದಕರು ಮೂಗು ಮುರುದ್ರೆ ಅವರ ಮೂಗನ್ನೂ ಆ ಸಾಲಿಗೆ ಸೇರಿಸು.

ನಿನ್ನ ತಮ್ಮ


ಮಾರ್ಚ್ ೩೦

ತಮ್ಮಾ,

ಮೊದಲು ನನ್ನ ಮಾನ ಹೋದ ಕಥೆ ಕೇಳು, ಸ್ವಲ್ಪ ನಗು.

ಹೊಸ ಸಾಲು ಸರಿಯಾಗಿ ಕೂರುತ್ತದೋ ಎಂದು ನಿನ್ನ ಪುಟದ ಡಬ್ಬಿಯನ್ನೇ ಎತ್ತಿಕೊಂಡು ಬೇರೆ ಕಡೆ ಪರೀಕ್ಷೆ ಮಾಡುತ್ತಿದ್ದೆ. ಸರಿ ಬಂತು. ಅವಸರದಲ್ಲಿ ಅದನ್ನೇ ತಂದು ಅಚ್ಚಿನೊಳಗೆ ಸುರಿದುಬಿಟ್ಟೆ. ತರಬೇತುದಾರ ಎನ್ನುವ ಕಡೆ ಅವನ ಹೆಸರು ಅಲ್ಲೇ ಉಳಿದಿದ್ದನ್ನು ನೋಡಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಜಗತ್ತಿನ ಸೈಕಲ್ ಓಟಗಾರರಿಗೆಲ್ಲ ಪಂಪು ತರಬೇತುದಾರ! ಅವನ ತಾತ ಹುಟ್ಟುವ ಮೊದಲೇ ಸತ್ತವರಿಗೂ ಅವನೇ ಗುರು. ಸಂಪಾದಕರು ವಾದ ಮಾಡುವ ಚರ್ಚೆ ಪುಟದಲ್ಲಿ ನನ್ನನ್ನು ಹುರಿದು ಮುಕ್ಕಿದರು. "ಕರಡು ತಿದ್ದುವವರಂತೆ, ದೇವರೇ ಕಾಪಾಡಬೇಕು" ಎಂದು ಒಬ್ಬರು ಬರೆದಿದ್ದಾರೆ. ಸರಿಪಡಿಸಿದೆ. ಬೈಯಲು ಬಂದವರೆಲ್ಲ ಹೊಸ ಸಾಲನ್ನೂ ನೋಡಿದರು, ಹಿಡಿಸಿತು, ಇರಲಿ ಎಂದರು. ನಿನ್ನ ಸಾಲು ಈಗ ಎಲ್ಲರ ಪುಟದಲ್ಲೂ ಇದೆ.

ನಗು ಇಲ್ಲಿಗೆ ಮುಗಿಯಿತು. ಆ ತಪ್ಪನ್ನು ಪಂಪು ನೋಡಿದ್ದಾನೆ. ಪ್ರಿಂಟು ತೆಗೆದು ಫ್ರೇಮು ಹಾಕಿಸಿ ಕ್ಯಾಂಪಿನ ಬಾಗಿಲಿಗೆ ತೂಗುಹಾಕಿದ್ದಾನಂತೆ. ಈಗ ದಿನವೂ ವಿಶ್ವಕೋಶ ತೆರೆದು ಕೂರುತ್ತಾನಂತೆ.

ಬೇರೆ ತಂಡದವರ ಪುಟ ತುಂಬುತ್ತಿದ್ದೇವೆ. ಕಾಲರ್ ಮೂಳೆ, ಕಾಲರ್ ಮೂಳೆ, ಮಣಿಕಟ್ಟು, ಕಾಲರ್ ಮೂಳೆ. ನೀನು ಹೇಳಿದ್ದು ಹೇಳಿದ ಹಾಗೇ ಇದೆ. ಅವನ ಹುಡುಗರದ್ದು ಮಾತ್ರ ಖಾಲಿ. ಯಾವ ಪತ್ರಿಕೆಯೂ ಯಾವ ಮೂಳೆ ಎಂದು ಬರೆದಿಲ್ಲ. ನಿನ್ನದನ್ನೂ ಖಾಲಿ ಬಿಟ್ಟಿದ್ದೇನೆ. ಕೈ ಬರಲಿಲ್ಲವೆಂದಲ್ಲ, ಆಧಾರವಿಲ್ಲ. ಬೈಯಿ, ಪರವಾಗಿಲ್ಲ.

ಕಿವಿಗೆ ಔಷಧಿ ಹಾಕಿಸಿಕೊ.

ಅಕ್ಕ


ಏಪ್ರಿಲ್ ೧೨

ಅಕ್ಕಾ,

ಅಪ್ಪ ಬಂದಿದ್ದ. ಜಾಲರಿ ಆಚೆ ನಿಂತ್ಕೊಂಡು ಮೊದಲ ಮಾತು ಏನು ಗೊತ್ತಾ? "ಸರ್ ಮಂಡಿ ಇನ್ನೂ ಊದ್ಕೊಂಡೇ ಇದೆ ಕಣೋ."

"ಒಳ್ಳೇದಾಯ್ತು" ಅಂದೆ.

"ನಾಲಗೆ ಬಿಗಿ ಹಿಡಿ. ಚಿಕ್ಕವಳನ್ನ ಮಗಳ ಥರ ನೋಡ್ಕೋತಿದ್ದಾರೆ."

"ನನ್ನೂ ಮಗನ ಥರಾನೇ ನೋಡ್ಕೊಂಡ. ಮನೇಲಿ ನೀನು ಹೊಡೀತಿದ್ದೆ, ಅಲ್ಲಿ ಅವನು."

"ನಾನು ಹೊಡ್ದಿದ್ದು ಬುದ್ಧಿ ಬರ್ಲಿ ಅಂತ."

"ಬಂತಾ?"

ಬಸ್ ಡ್ರೈವರ್ ಅಲ್ವಾ ಅವನು, ಎದುರಿಗೆ ಗಾಡಿ ಅಡ್ಡ ನಿಂತ ಹಾಗೆ ನೋಡ್ದ. ಆಮೇಲೆ ಹೇಳ್ದ, "ನೀನು ಬಿದ್ದಿದ್ದು. ಸರ್ ಹೇಳಿದ್ದಾರೆ, ಪೇಪರಲ್ಲೂ ಬಂದಿದೆ."

"ನನ್ನ ಬಾಯಿಂದ ಬಂದಿಲ್ವಲ್ಲಪ್ಪ."

"ನಿನ್ನ ಬಾಯಿ ನಂಬಿದ್ರೆ ಆಗ್ಹೋಯ್ತು. ಹೋಗಿ ನೋಡು ಅಲ್ಲಿ, ಹುಡುಗರ ಪ್ಲಾಸ್ಟರ್ ಬಿಚ್ಚಿದ್ದನ್ನೆಲ್ಲ ಎತ್ತಿಟ್ಟಿದ್ದಾರೆ, ಕೆಳಗೆ ಹೆಸರು ಬರ್ದು ಗೋಡೆಗೆ ಸಾಲಾಗಿ ಹೊಡ್ದಿದ್ದಾರೆ. ಛಲದ ಗೋಡೆ ಅಂತ. ನಿಂದೂ ಇದೆ. ಕಣ್ಣಲ್ಲಿ ನೀರು ಬಂತು ನನಗೆ. ಅಷ್ಟು ಪ್ರೀತಿ ಕಣೋ ಅವರಿಗೆ."

ನನ್ನ ಪ್ಲಾಸ್ಟರ್ರು, ಅಕ್ಕಾ. ಮೊಳೆ ಹೊಡ್ದು ಗೋಡೇಲಿ ಇಟ್ಕೊಂಡಿದ್ದಾನೆ. ಜಿಂಕೆ ಕೊಂದೋನು ಕೊಂಬು ಇಟ್ಕೊಳ್ಳಲ್ವಾ, ಹಾಗೆ. "ಎಲ್ಲವೂ ಎಡಗೈದೇ ಅಲ್ವಾ?" ಅಂತ ಕೇಳ್ದೆ. ಅಪ್ಪ ತನ್ನ ಎಡಗೈ ನೋಡ್ಕೊಂಡ. ನೆನಪು ಮಾಡ್ಕೊತಿದ್ದ, ಮುಖದಲ್ಲೇ ಗೊತ್ತಾಯ್ತು. "ಅದಕ್ಕೇನೀಗ?" ಅಂದ.

ನನಗೆ ಏನಾಯ್ತೋ, ಜಾಲರಿಗೆ ಹಣೆ ಚಚ್ಚಿದೆ. ಒಂದು ಸಲ ಅಲ್ಲ. ರಕ್ತ ಕಣ್ಣಿಗೆ ಇಳೀತು. "ಅವಳ ಕೈನೂ ನೇತುಹಾಕಿಸ್ತೀಯಾ? ಜಾಗ ಇದೆಯಾ ಗೋಡೇಲಿ?" ಅಂತ ಕಿರುಚ್ತಿದ್ದೆ. ಇಬ್ರು ವಾರ್ಡರು ಕುತ್ತಿಗೆ ಮೇಲೆ ಮಂಡಿ ಇಟ್ಟು ಎಳ್ಕೊಂಡು ಬಂದ್ರು. ಅಪ್ಪ ಅಲ್ಲೇ ನಿಂತಿದ್ದ, ಜಾಲರಿ ಹಿಡ್ಕೊಂಡು.

ಈಗ ಯಾರಿಗೂ ಭೇಟಿ ಇಲ್ಲ. ಕಾಗದ ಮಾತ್ರ. ನಿನ್ನ ಡಬ್ಬಿ, ನಿನ್ನ ಆಧಾರ, ಎಲ್ಲಾ ಒಲೆಗೆ ಹಾಕು. ಅವಳನ್ನ ಹೊರಗೆ ತಾ.

ತಮ್ಮ


ಮೇ ೮

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಬಸ್ಸು ಹಿಡಿಯಬೇಕು.

ಆಧಾರ ಸಿಕ್ಕಿತು. ಕೊಟ್ಟವನು ಅವನೇ.

ಬೇರೆ ತಂಡದವರ ಪುಟಗಳಲ್ಲಿ ಮೂಳೆಗಳ ಹೆಸರು ತುಂಬಿ, ತನ್ನ ಹುಡುಗರ ಪುಟ ಖಾಲಿ ಇರುವುದನ್ನು ಅವನಿಗೆ ನೋಡಲಾಗಲಿಲ್ಲ. "ನಮ್ಮವರೇನು ಕಡಿಮೆ ಗಟ್ಟಿಗರೇ?" ಎಂದು ಚರ್ಚೆ ಪುಟದಲ್ಲಿ ಜಗಳಕ್ಕೆ ಬಂದ. ಆಧಾರ ಬೇಕು ಎಂದು ನಿನಗೆ ಹೇಳಿದ ಹಾಗೇ ಹೇಳಿದೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಪತ್ರಿಕೆಯವರನ್ನು ಕರೆಸಿದ. ಭಾನುವಾರದ ಪುರವಣಿಯಲ್ಲಿ ಛಲದ ಗೋಡೆಯ ಮುಂದೆ ಪಂಪು ಹಿಡಿದು ನಿಂತ ಅವನ ಫೋಟೋ ಬಂತು. ಹಿಂದೆ ಏಳು ಪ್ಲಾಸ್ಟರು, ಕೆಳಗೆ ಏಳು ಹೆಸರು. ಅದನ್ನೇ ಆಧಾರ ಮಾಡಿ ತಾನೇ ಕೂತು ತುಂಬಿದ. ಎಡ ಮುಂಗೈ. ಎಡ ಮುಂಗೈ. ಏಳೂ ಪುಟದಲ್ಲಿ ಅದೇ. ನಿನ್ನದೂ ಸೇರಿ.

ಅಷ್ಟಕ್ಕೇ ನಿಲ್ಲಲಿಲ್ಲ. ಅವನೂ ಒಂದು ಕಾಲಕ್ಕೆ ಓಡಿಸಿದವನಲ್ಲವೇ, ಅವನದ್ದೂ ಒಂದು ಪುಟವಿದೆ, ಅದೇ ಡಬ್ಬಿ. ಅಲ್ಲಿಯೂ ತುಂಬಿದ್ದಾನೆ. ಎಡ ಮುಂಗೈ. ಅದರ ಮೇಲಿನ ಸಾಲು, ತರಬೇತುದಾರ ಎನ್ನುವುದು, ಅದನ್ನು ಮಾತ್ರ ಖಾಲಿ ಬಿಟ್ಟಿದ್ದಾನೆ. ನಾನು ಆ ಖಾಲಿ ಸಾಲನ್ನು ತುಂಬ ಹೊತ್ತು ನೋಡುತ್ತ ಕೂತಿದ್ದೆ.

ನಾನೇನೂ ಬರೆಯಲಿಲ್ಲ. ಟೆಂಪ್ಲೇಟಿನ ತಪ್ಪಿಗೆ ನನ್ನನ್ನು ಬೈದವರಲ್ಲಿ ಒಬ್ಬರು ಮೂಳೆ ಡಾಕ್ಟರಂತೆ. ಅವರು ಚರ್ಚೆ ಪುಟದಲ್ಲಿ ಬರೆದರು: "ಇದು ಸೈಕಲ್ಲಿನಿಂದ ಬಿದ್ದವರ ಮುರಿತ ಅಲ್ಲ. ಹೊಡೆತದಿಂದ ತಲೆ ಕಾಪಾಡಿಕೊಳ್ಳುವವರ ಮುರಿತ. ಏಳು ಜನಕ್ಕೂ ಹೇಗಾಯಿತು?" ಅಷ್ಟೇ. ಮೂರು ಪತ್ರಿಕೆಗಳು ಅದನ್ನೇ ಎತ್ತಿಕೊಂಡವು. ನಿನ್ನ ಜೊತೆಗಿದ್ದ ಇಬ್ಬರು ಹುಡುಗರು ಬಾಯಿ ಬಿಟ್ಟಿದ್ದಾರೆ. ಅವನು ತಾನು ತುಂಬಿದ್ದನ್ನೆಲ್ಲ ಅಳಿಸಿದ. ಅಲ್ಲಿ ಅಳಿಸಿದ್ದೂ ಉಳಿಯುತ್ತದೆ, ಯಾರು ಬರೆದರು, ಯಾರು ಅಳಿಸಿದರು ಎನ್ನುವುದರ ಸಮೇತ.

ಈಗ ಕ್ಯಾಂಪಿನ ಗೇಟಿಗೆ ಬೀಗ ಹಾಕಿಸಿದ್ದಾನಂತೆ. ಟೆಂಪ್ಲೇಟು ನೋಡಿಕೊಳ್ಳುವವಳು ಚಿಕ್ಕವಳ ಅಕ್ಕ ಎಂದು ಅವನಿಗೆ ಗೊತ್ತಾಗಿದೆ. ಅಪ್ಪನಿಗೆ ಪುರವಣಿ ತೋರಿಸಿದೆ. ಫೋಟೋದಲ್ಲಿರುವ ಪ್ಲಾಸ್ಟರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಇಲ್ಲ. ನಾನೂ ಹೊರಟೆ.

ಅಕ್ಕ


ಮೇ ೧೫

ಅಣ್ಣಾ,

ನಾನು, ಚಿಕ್ಕವಳು. ಅಕ್ಕ ಬರೀತೀನಿ ಅಂದ್ಳು, ಬೇಡ ನಾನೇ ಬರೀತೀನಿ ಅಂದೆ. ಅವಳು ಬರುದ್ರೆ ಎಲ್ಲಾ ತೊಳ್ದು ಒಣಗಿಸಿ ಬರೀತಾಳೆ.

ಅಕ್ಕ ಬಸ್ಸು ಹಿಡ್ದ ದಿನ ಪಂಪು ನಮ್ಮನ್ನೆಲ್ಲ ಗೋಡೆ ಮುಂದೆ ನಿಲ್ಲಿಸ್ದ. ಆ ಪ್ಲಾಸ್ಟರ್‌ಗಳನ್ನೆಲ್ಲ ಕೀಳೋಕೆ ಹೇಳ್ದ. ಕಿತ್ವಿ. ಒಡೆಯೋಕೆ ಹೇಳ್ದ. ನಿಂದು ನನ್ನ ಪಾಲಿಗೆ ಬಂತು ಅಣ್ಣಾ. ಒಳಗಡೆ ನಿನ್ನ ಕೈ ಕೂದಲು ಇನ್ನೂ ಅಂಟ್ಕೊಂಡಿತ್ತು. ನಾನು ಒಡೀಲಿಲ್ಲ. ಹಿಂದೆ ಬಚ್ಚಿಟ್ಕೊಂಡೆ. ಅವನು ನೋಡ್ದ.

"ನಿಮ್ಮ ಮನೆಯೋರೆಲ್ಲ ಸೇರಿ ನನ್ನ ಮುಗಿಸ್ತೀರೇನೇ?" ಅಂದ. ಪಂಪು ಎತ್ದ. ಸದ್ದು ಕೇಳಿಸ್ತು, ಆ ಸದ್ದು. ನಂದೇ ಅನ್ಕೊಂಡೆ. ಕಣ್ಣು ಬಿಟ್ರೆ ಮುಂದೆ ಅಪ್ಪ. ಗೇಟು ಹಾರಿ ಬಂದಿದ್ದ, ಈ ವಯಸ್ಸಲ್ಲಿ. ಪ್ಯಾಂಟು ಹರ್ದು ತೊಡೆ ರಕ್ತ. ಅಪ್ಪ ಎಡಗೈ ಮೇಲೆತ್ತಿದ್ದ, ಆಮೇಲೆ ಅದು ಮಧ್ಯದಲ್ಲಿ ಜೋತು ಬಿತ್ತು. ಅವನು ಇನ್ನೊಂದು ಸಲ ಎತ್ದ. ನಾನು ನಿನ್ನ ಪ್ಲಾಸ್ಟರಿಂದಾನೇ ಅವನ ಮುಖಕ್ಕೆ ಬಾರಿಸ್ದೆ. ಮೂಗು ಹೋಯ್ತು ಅನ್ಸುತ್ತೆ. ಪ್ಲಾಸ್ಟರೂ ಹೋಯ್ತು, ಪುಡಿ ಪುಡಿ. ಆಮೇಲೆ ಹುಡುಗರೆಲ್ಲ ಸೇರಿ ಅವನ ಮೇಲೆ ಬಿದ್ರು. ಅಕ್ಕ ಪೊಲೀಸಿನೋರ ಜೊತೆ ಬರೋ ಹೊತ್ತಿಗೆ ಬಿಡಿಸೋಕೇ ಆಗ್ತಿರ್ಲಿಲ್ಲ. ಈಗ ಅವನು ಒಳಗೆ. ನೀನಿರೋ ಜೈಲಿಗೆ ಅವನನ್ನ ಹಾಕ್ಬೇಡಿ ಅಂತ ಅಕ್ಕ ಕೇಳ್ಕೊಂಡಿದ್ದಾಳೆ. ಅವನ ಒಳ್ಳೇದಕ್ಕಲ್ಲ, ನಿನ್ನ ಒಳ್ಳೇದಕ್ಕೆ.

ಇದನ್ನ ಹೇಳೋಕೇ ನಾನು ಬರೀತೀನಿ ಅಂದಿದ್ದು. ಆಸ್ಪತ್ರೇಲಿ ಡಾಕ್ಟರು ಎಕ್ಸ್‌ರೇ ತೆಗ್ದು ನೋಡಿ, "ಎಲ್ಲಿ ಬಿದ್ರಿ ಯಜಮಾನ್ರೇ?" ಅಂತ ಕೇಳುದ್ರು.

ಅಪ್ಪ ನನ್ನ ಕಡೆ ನೋಡ್ದ. ಆಮೇಲೆ, "ಬಿದ್ದಿಲ್ಲ. ಹೊಡ್ದ" ಅಂದ.

ಡಾಕ್ಟರು ಬರ್ಕೊಂಡ್ರು. ಅಪ್ಪ ಮತ್ತೆ, "ನನ್ನ ಮಗನೂ ಬಿದ್ದಿಲ್ಲ, ಅದನ್ನೂ ಬರ್ಕೊಳ್ಳಿ" ಅಂದ. ಅದಕ್ಕೆ ಇಲ್ಲಿ ಜಾಗ ಇಲ್ಲ ಅಂದ್ರು ಡಾಕ್ಟರು. "ಜಾಗ ಮಾಡಿ" ಅಂತ ಕೂಗ್ದ ಅಪ್ಪ, ಇಡೀ ವಾರ್ಡು ತಿರುಗಿ ನೋಡ್ತು.

ಈಗ ಮನೇಲಿ ಕೂತಿದ್ದಾನೆ. ಬಸ್ಸು ಓಡಿಸೋಕಾಗಲ್ಲ, ತುರಿಕೆ ತುರಿಕೆ ಅಂತ ಎಲ್ಲರ ಮೇಲೂ ರೇಗ್ತಾನೆ. ನಿನ್ನ ಸುದ್ದಿ ಬಂದ್ರೆ ಎದ್ದು ಒಳಗೆ ಹೋಗ್ತಾನೆ.

ಅಕ್ಕ ನಂಗೂ ಒಂದು ಪುಟ ಆಗುತ್ತೆ ಅಂದ್ಳು, ಇನ್ನು ಎರಡು ಗೆದ್ರೆ. ಮುರಿದ ಮೂಳೆ: ಇಲ್ಲ.

ಚಿಕ್ಕವಳು


ಮೇ ೨೪

ಚಿಕ್ಕವಳೇ,

ಮೂಗಾ? ಬರೀ ಮೂಗಾ? ಅಷ್ಟು ಗಟ್ಟಿ ಪ್ಲಾಸ್ಟರ್ ಕೈಲಿತ್ತು.

ನಿನ್ನ ಕಾಗದವನ್ನ ಬೀಗ ಮುರಿಯೋನಿಗೆ ಓದಿ ಹೇಳ್ದೆ. ಅಪ್ಪ ಗೇಟು ಹಾರಿದ ಜಾಗ ಮೂರು ಸಲ ಓದಿಸ್ಕೊಂಡ. ನಗ್ತಾನೆ, ಹಲ್ಲಿಲ್ಲದ ಬಾಯಿ.

ಅಕ್ಕನಿಗೆ ಹೇಳು, ಪಂಪಿನ ಡಬ್ಬೀಲಿ ಖಾಲಿ ಸಾಲು ಇದೆ ಅಂತ ಬರ್ದಿದ್ಳಲ್ಲ, ನಾನೂ ಅದನ್ನ ಯೋಚ್ನೆ ಮಾಡ್ದೆ. ಅವನ ಕೈಯನ್ನೂ ಯಾವನೋ ಗುರು ಮುರ್ದಿದ್ದಾನೆ, ಅವನಿಗೂ ಆ ಸದ್ದು ಗೊತ್ತಿತ್ತು. ಒಳಗಿಂದ ಹೇಗೆ ಕೇಳಿಸುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಎತ್ದ. ಅಯ್ಯೋ ಪಾಪ ಅಂತ ಅವಳು ಅಂದ್ರೆ ಅನ್ಲಿ. ನನ್ನ ಸಿಟ್ಟು ಇಳೀಲಿಲ್ಲ, ಏರ್ತು.

ಇನ್ನೊಂದು. ಅಪ್ಪನಿಗೆ ತುರಿಕೆ ಅಂದ್ಯಲ್ಲ. ಕಡ್ಡಿ ಗಿಡ್ಡಿ ತೂರಿಸೋಕೆ ಬಿಡ್ಬೇಡ, ಒಳಗೇ ಮುರ್ದು ಕೀವಾಗುತ್ತೆ, ನನಗೆ ಆಗಿತ್ತು. ನನ್ನ ಹಳೇ ಸೈಕಲ್ಲು ಮೆಟ್ಟಿಲ ಕೆಳಗಿದೆ. ಹಿಂದಿನ ಚಕ್ರದಿಂದ ಒಂದು ಸ್ಪೋಕು ಬಿಚ್ಚು. ತುದೀನ ಇಕ್ಕಳದಲ್ಲಿ ಮಡಚಿ ಗುಂಡಗೆ ಮಾಡು, ಚರ್ಮ ಗೀರಬಾರ್ದು. ಮಣಿಕಟ್ಟಿನ ಕಡೆಯಿಂದ ತೂರಿಸ್ಬೇಕು, ಮೆಲ್ಲಗೆ. ಮೂಳೆ ಮುರ್ದಿರೋ ಕಡೆ ತುರಿಕೆ ಜಾಸ್ತಿ, ಅಲ್ಲಿ ಅದುಮಬೇಡ ಅಂತ ಹೇಳು.

ಯಾರು ಹೇಳಿದ್ದು ಅಂತ ಕೇಳಿದ್ರೆ ಹೇಳು.

ಅಣ್ಣ